ಮೈನಸ್ ಮಕ್ಕಳು, ಚಾಳೀಸಿನ ದೊಡ್ಡವರು: ಕಣ್ಣಿನ ಲೆಕ್ಕ ತಪ್ಪುವುದು ಎಲ್ಲಿ?

ಕಣ್ಣಿನ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ನೇತ್ರವೈದ್ಯ ಪತ್ರಿಕೆಯೊಂದು 50 ದೇಶಗಳ ಲೆಕ್ಕ ಕೂಡಿಸಿ, ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರಿಗೆ ಸಮೀಪದೃಷ್ಟಿ ಇದೆ ಎಂದಿತು. ಅಂದರೆ ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ನಾವು 'ಮೈನಸ್ ಪವರ್' ಅನ್ನುವುದು ಇದನ್ನೇ. 2018ರಲ್ಲಿ ಬಂದಿದ್ದ ಇನ್ನೊಂದು ಜಾಗತಿಕ ಲೆಕ್ಕದಲ್ಲಿ ಮಕ್ಕಳ ಈ ಪ್ರಮಾಣ ಬರೀ ಶೇ. 11.7 ಇತ್ತು. ಭಾರತದಲ್ಲಿ ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟು ಹಾಕಿದವರು 5ರಿಂದ 15 ವರ್ಷದ ಮಕ್ಕಳಲ್ಲಿ ಶೇ. 7.5 ಎಂದರು. ಮತ್ತೊಂದು ತಂಡ, 2019ರ ಹೊತ್ತಿಗೇ ನಗರದ ಮಕ್ಕಳಲ್ಲಿ ಅದು ಶೇ. 21 ದಾಟಿದೆ, 2050ಕ್ಕೆ ಶೇ. 48 ಆಗಬಹುದು ಎಂದಿತು.

ಯಾವುದನ್ನು ನಂಬುವುದು? ತಮಾಷೆಯೆಂದರೆ ಇವುಗಳಲ್ಲಿ ಯಾವುದನ್ನೂ ಸುಳ್ಳು ಅನ್ನುವಂತಿಲ್ಲ. ಒಬ್ಬೊಬ್ಬರು ಬೇರೆ ಬೇರೆ ವಯಸ್ಸಿನವರನ್ನು, ಬೇರೆ ಊರಲ್ಲಿ, ಬೇರೆ ಅಳತೆಗೋಲಿನಿಂದ ಅಳೆದಿದ್ದಾರೆ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಈ ಸುದ್ದಿಗಳೆಲ್ಲ ಮಕ್ಕಳದ್ದು. ಜಗತ್ತಿನಲ್ಲಿ ಕನ್ನಡಕ ಬೇಕಿದ್ದೂ ಸಿಗದವರ ದೊಡ್ಡ ಗುಂಪು ನಲವತ್ತು ದಾಟಿದವರದ್ದು. ಅವರು ಹೆಡ್‌ಲೈನಿಗೆ ಬರುವುದೇ ಇಲ್ಲ.

ಒಂದು ಹೆಸರು, ನಾಲ್ಕು ತೊಂದರೆ

ಕಣ್ಣಿಗೆ ಬಂದ ಬೆಳಕು ಒಳಗಿನ ಪರದೆಯ ಮೇಲೆ, ಅಂದರೆ ರೆಟಿನಾ ಮೇಲೆ, ಸರಿಯಾಗಿ ಕೂಡದಿದ್ದರೆ ಅದಕ್ಕೆ ವಕ್ರೀಭವನ ದೋಷ ಅನ್ನುತ್ತಾರೆ. ಬೆಳಕು ಪರದೆಗಿಂತ ಮುಂದೆಯೇ ಕೂಡಿದರೆ ಮೈನಸ್. ಪರದೆಯ ಹಿಂದಕ್ಕೆ ಹೋದರೆ ಪ್ಲಸ್, ಇದರ ಪುಸ್ತಕದ ಹೆಸರು ದೂರದೃಷ್ಟಿ. (ಒಳ್ಳೆಯ ರಾಜಕಾರಣಿಗೆ ಇರಬೇಕಾದ ಗುಣಕ್ಕೂ ಇದೇ ಹೆಸರು, ಹಾಗಾಗಿ ಇಲ್ಲಿ ಪ್ಲಸ್ ಎಂದೇ ಕರೆಯೋಣ.) ಕಣ್ಣಿನ ಮುಂಭಾಗದ ಉಬ್ಬು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿದ್ದರೆ ಅದು ಅಸ್ಟಿಗ್ಮಾಟಿಸಂ. ಚೀಟಿಯಲ್ಲಿ 'ಸಿಲಿಂಡರ್' ಅಂತ ಬರೆದಿರುತ್ತಾರಲ್ಲ, ಅದು. ನಾಲ್ಕನೆಯದು ಚಾಳೀಸು. ಕಣ್ಣಿನೊಳಗಿನ ಲೆನ್ಸ್ ವಯಸ್ಸಾದ ಹಾಗೆ ಗಡಸಾಗಿ, ಹತ್ತಿರದ್ದಕ್ಕೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುವುದು.

ಮೇಲೆ ಹೇಳಿದ 2018ರ ಜಾಗತಿಕ ಲೆಕ್ಕದಲ್ಲಿ ದೊಡ್ಡವರ ಪಾಲು ಹೀಗಿತ್ತು: ಮೈನಸ್ ಶೇ. 26.5, ಪ್ಲಸ್ ಶೇ. 30.9, ಸಿಲಿಂಡರ್ ಶೇ. 40.4. ಮಕ್ಕಳಲ್ಲಿ ಪ್ಲಸ್ ಶೇ. 4.6, ಸಿಲಿಂಡರ್ ಶೇ. 14.9. ಇವನ್ನು ಕೂಡಿಸಬಾರದು. ಒಬ್ಬರಿಗೇ ಮೈನಸ್ ಜೊತೆ ಸಿಲಿಂಡರ್ ಇರಬಹುದು, ಅವರನ್ನು ಎರಡು ಕಡೆ ಎಣಿಸಲಾಗುತ್ತದೆ. ಚಾಳೀಸು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಗಮನಿಸಿ.

ಗೆರೆ ಎಲ್ಲಿ ಎಳೆಯುತ್ತೀರಿ?

ಬಹುತೇಕ ಅಧ್ಯಯನಗಳಲ್ಲಿ ಮೈನಸ್ 0.5 ಮುಟ್ಟಿದರೆ ಸಮೀಪದೃಷ್ಟಿ ಎಂದು ಬರೆದುಕೊಳ್ಳುತ್ತಾರೆ. ಮೈನಸ್ 0.5 ಇರುವ ಮಗುವಿಗೆ ಎರಡು ಮೀಟರ್ ತನಕ ಎಲ್ಲವೂ ಸ್ಪಷ್ಟ. ಅದಕ್ಕಿಂತ ಆಚೆಗೆ ತುಸು ಮಸುಕು. ಮುಂದಿನ ಬೆಂಚಿನಲ್ಲಿ ಕೂತರೆ ಬೋರ್ಡ್ ಓದಲು ಅಡ್ಡಿಯಾಗದೇ ಇರಬಹುದು. ಮೈನಸ್ 3ರ ಮಗುವಿಗೆ ಒಂದು ಮೊಳದಷ್ಟು ದೂರವೂ ಸ್ಪಷ್ಟವಿಲ್ಲ, 33 ಸೆಂಟಿಮೀಟರ್‌ಗೇ ಮುಗಿಯಿತು. ಅಂಕಿಪಟ್ಟಿಯಲ್ಲಿ ಇಬ್ಬರೂ ಒಂದೊಂದು ತಲೆ. ಗೆರೆಯನ್ನು 0.5ರ ಬದಲು 0.75ಕ್ಕೆ ಸರಿಸಿದರೂ ಸಾಕು, ಸಾವಿರಾರು ಮಕ್ಕಳು ಪಟ್ಟಿಯಿಂದ ಹೊರಗೆ ಬೀಳುತ್ತಾರೆ.

ಇನ್ನೊಂದು ತೊಡಕು ಕಣ್ಣಿನ ಹನಿಯದ್ದು. ಮಕ್ಕಳ ಲೆನ್ಸ್ ಬಹಳ ಮೆತ್ತಗೆ. ಯಂತ್ರದೊಳಗೆ ಇಣುಕಿ ನೋಡುವಾಗ ಮಗು ಗೊತ್ತಿಲ್ಲದೆಯೇ ಕಣ್ಣನ್ನು ಬಿಗಿ ಹಿಡಿಯುತ್ತದೆ, ಆಗ ಇಲ್ಲದ ಮೈನಸ್ ಇದ್ದಂತೆ ತೋರುತ್ತದೆ. ಹನಿ ಹಾಕಿ ಲೆನ್ಸನ್ನು ಹೊಂದಿಸುವ ಸ್ನಾಯುವನ್ನು ಸಡಿಲ ಮಾಡಿಯೇ ಅಳೆದರೆ ನಿಜವಾದ ಪವರ್ ಸಿಗುತ್ತದೆ. ಆದರೆ ಹನಿ ಹಾಕಿದರೆ ಗಂಟೆಗಟ್ಟಲೆ ಪುಸ್ತಕ ಮಸುಕು, ಬಿಸಿಲು ನೋಡಲಾಗದು. ಶಾಲೆಗಳಲ್ಲಿ ಸಾವಿರಾರು ಮಕ್ಕಳಿಗೆ ಹೀಗೆ ಮಾಡುವುದು ಕಷ್ಟ. ಹಾಗಾಗಿ ಹಲವು ಅಧ್ಯಯನಗಳು ಹನಿ ಬಿಟ್ಟು ಅಳೆಯುತ್ತವೆ. ಅಲ್ಲಿ ಮೈನಸ್ ಜಾಸ್ತಿ ಬರುತ್ತದೆ, ಪ್ಲಸ್ ಮುಚ್ಚಿಹೋಗುತ್ತದೆ.

ಜಾಗದ ವ್ಯತ್ಯಾಸವಂತೂ ಇನ್ನೂ ದೊಡ್ಡದು. 2024ರ ಲೆಕ್ಕದಲ್ಲಿ ಜಪಾನಿನ ಮಕ್ಕಳು ಶೇ. 86, ದಕ್ಷಿಣ ಕೊರಿಯಾ ಶೇ. 74. ಪರಾಗ್ವೆ, ಉಗಾಂಡಾ ಶೇ. 1ರ ಆಸುಪಾಸು. ಇವುಗಳ ಸರಾಸರಿ ತೆಗೆದು 'ಮೂರರಲ್ಲಿ ಒಬ್ಬರು' ಅಂದರೆ ಟೋಕಿಯೋಗೂ ಹೊಂದುವುದಿಲ್ಲ, ಕಂಪಾಲಾಕ್ಕೂ ಹೊಂದುವುದಿಲ್ಲ. ನಮ್ಮಲ್ಲೇ ನೋಡಿ. 2002ರಲ್ಲಿ ಪ್ರಕಟವಾದ ಎರಡು ಸಮೀಕ್ಷೆಗಳಲ್ಲಿ ದೆಹಲಿಯ ಮಕ್ಕಳಲ್ಲಿ ಶೇ. 7.4 ಇತ್ತು, ಆಗ ನಮ್ಮ ರಾಯಚೂರಿಗೆ ಅಂಟಿಕೊಂಡಂತಿದ್ದ ಮಹಬೂಬ್‌ನಗರದ ಹಳ್ಳಿಗಳಲ್ಲಿ ಶೇ. 4.1. ದೆಹಲಿಯ ಶಾಲಾಮಕ್ಕಳನ್ನು ಮತ್ತೆ ಅಳೆದು 2015ರಲ್ಲಿ ಪ್ರಕಟಿಸಿದಾಗ ಶೇ. 13.1. ಖಾಸಗಿ ಶಾಲೆಯಲ್ಲಿ ಸರ್ಕಾರಿ ಶಾಲೆಗಿಂತ ಜಾಸ್ತಿ, 11 ದಾಟಿದವರಲ್ಲಿ ಚಿಕ್ಕವರಿಗಿಂತ ಜಾಸ್ತಿ, ಹುಡುಗಿಯರಲ್ಲಿ ಹುಡುಗರಿಗಿಂತ ಜಾಸ್ತಿ. ಈ ಮೂರು ಸುಳಿವುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಹುಟ್ಟುವಾಗ ಹೆಚ್ಚಿನವರು ಪ್ಲಸ್

ಹಸುಗೂಸಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರದ್ದು 24ರ ಆಸುಪಾಸು. ಹುಟ್ಟುವಾಗ ಹೆಚ್ಚಿನ ಮಕ್ಕಳಿಗೆ ಪ್ಲಸ್ 2ರಷ್ಟು ಪವರ್ ಇರುತ್ತದೆ. ಕಣ್ಣು ಬೆಳೆದ ಹಾಗೆ ಪ್ಲಸ್ ಕರಗುತ್ತ ಸೊನ್ನೆಯ ಹತ್ತಿರ ಬಂದು ನಿಲ್ಲಬೇಕು. ಕೆಲವರಲ್ಲಿ ಅದು ನಿಲ್ಲುವುದಿಲ್ಲ. ಗುಡ್ಡೆ ಹಿಂದಕ್ಕೆ ಉದ್ದವಾಗುತ್ತಲೇ ಹೋಗುತ್ತದೆ. ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೆ ಸುಮಾರು ಎರಡೂವರೆ ಪವರ್ ಮೈನಸ್ ಬಂದ ಹಾಗೆ.

ಉದ್ದವಾದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಇದು ಪೋಷಕರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಕ್ಯಾರೆಟ್, ಕಣ್ಣಿನ ವ್ಯಾಯಾಮ, ಮೂರು ತಿಂಗಳಲ್ಲಿ ಕನ್ನಡಕ ಬಿಡಿಸುತ್ತೇವೆ ಎನ್ನುವ ಜಾಹೀರಾತು, ಯಾವುದೂ ಆ ಉದ್ದವನ್ನು ಇಳಿಸಲಾರದು. ಲೇಸರ್ ಕೂಡ ಕಣ್ಣಿನ ಮುಂಭಾಗವನ್ನು ಕೆತ್ತಿ ಬೆಳಕಿನ ದಾರಿ ಬದಲಿಸುತ್ತದೆ ಅಷ್ಟೆ, ಗುಡ್ಡೆ ಹಾಗೇ ಇರುತ್ತದೆ.

ಬೇಗ ಶುರುವಾದ ಮೈನಸ್‌ಗೆ ಓಡಲು ಹೆಚ್ಚು ವರ್ಷ ಸಿಗುತ್ತದೆ. ಏಳು ವರ್ಷಕ್ಕೆ ಬಂದವರಲ್ಲಿ ಮೈನಸ್ 6 ದಾಟುವ ಸಾಧ್ಯತೆ ಹದಿನಾಲ್ಕಕ್ಕೆ ಬಂದವರಿಗಿಂತ ಬಹಳ ಹೆಚ್ಚು. ಹಾಗೆ ದಾಟಿದರೆ ರೆಟಿನಾ ತೆಳುವಾಗುತ್ತದೆ, ಕಳಚಿಕೊಳ್ಳಬಹುದು, ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾದ ಅಪಾಯವೂ ಏರುತ್ತದೆ. ಮಗುವಿನ ಪವರ್ ಒಂದು ಅಂಕಿ ಕಡಿಮೆಯಲ್ಲಿ ನಿಂತರೂ ಮುಂದೆ ರೆಟಿನಾದ ನಡುಭಾಗ ಹಾಳಾಗುವ ಅಪಾಯ ಸುಮಾರು ಶೇ. 40ರಷ್ಟು ಇಳಿಯುತ್ತದೆ ಎಂಬ ಲೆಕ್ಕ 2019ರಲ್ಲಿ ಬಂತು. ಹಾಗಾಗಿ ಮಕ್ಕಳ ಬಗ್ಗೆ ಎಚ್ಚರಿಸುವ ಹೆಡ್‌ಲೈನ್‌ಗಳು ಸುಮ್ಮನೆ ಹೆದರಿಸುತ್ತಿಲ್ಲ.

ತಪ್ಪೆಲ್ಲ ಮೊಬೈಲಿನದ್ದೇ?

ಮನೆಯಲ್ಲಿ ಮಗುವಿಗೆ ಕನ್ನಡಕ ಬಂದ ದಿನ ಮೊದಲು ಬೈಗುಳ ಬೀಳುವುದು ಮೊಬೈಲಿಗೆ. ಪೂರ್ತಿ ಅನ್ಯಾಯವೇನಲ್ಲ. 2025ರಲ್ಲಿ 45 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ದಿನಕ್ಕೆ ಒಂದು ಗಂಟೆ ಸ್ಕ್ರೀನ್ ಹೆಚ್ಚಾದರೆ ಸಮೀಪದೃಷ್ಟಿಯ ಸಂಭವ ಶೇ. 21ರಷ್ಟು ಏರುತ್ತದೆ ಎಂದಿತು. ಆದರೆ ಮೊಬೈಲ್ ಹುಟ್ಟುವ ಮೊದಲಿನ ಲೆಕ್ಕಗಳು ಬೇರೆ ಕತೆ ಹೇಳುತ್ತವೆ.

ಜೆರುಸಲೇಮಿನ ಹದಿಹರೆಯದವರನ್ನು ಪರೀಕ್ಷಿಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಸಾಮಾನ್ಯ ಶಾಲೆಯ ಹುಡುಗರಲ್ಲಿ ಸಮೀಪದೃಷ್ಟಿ ಶೇ. 27, ಹುಡುಗಿಯರಲ್ಲಿ ಶೇ. 32. ಸಂಪ್ರದಾಯಸ್ಥ ಯಹೂದಿ ಶಾಲೆಗಳಲ್ಲಿ ಹುಡುಗಿಯರು ಶೇ. 36, ಹುಡುಗರು ಶೇ. 81. ಒಂದೇ ಸಮುದಾಯದ ಹುಡುಗ-ಹುಡುಗಿಯರು. ಎದ್ದು ಕಾಣುವ ವ್ಯತ್ಯಾಸ ಇದ್ದದ್ದು ಓದಿನಲ್ಲಿ. ಆ ಹುಡುಗರು ಚಿಕ್ಕಂದಿನಿಂದಲೇ ಧರ್ಮಗ್ರಂಥಗಳ ಸಣ್ಣ ಅಕ್ಷರದ ವ್ಯಾಖ್ಯಾನಗಳನ್ನು ದಿನಕ್ಕೆ ಎಷ್ಟೋ ಗಂಟೆ ಓದುತ್ತಾರೆ. ಹುಡುಗಿಯರಿಗೆ ಆ ಒತ್ತಡ ಇಲ್ಲ. ಅಲ್ಲಿ ಒಂದೇ ಒಂದು ಸ್ಮಾರ್ಟ್‌ಫೋನ್ ಇರಲಿಲ್ಲ.

ಓದಿಗೂ ಮೈನಸ್‌ಗೂ ನಂಟು ಇದೆ ಸರಿ, ಆದರೆ ಯಾವುದು ಕಾರಣ, ಯಾವುದು ಪರಿಣಾಮ? ದೂರದ್ದು ಕಾಣದ ಮಗು ಆಟ ಬಿಟ್ಟು ಪುಸ್ತಕ ಹಿಡಿಯಿತು ಅಂತಲೂ ಹೇಳಬಹುದಲ್ವಾ? ಬ್ರಿಟನ್ನಿನ ಸಂಶೋಧಕರು 2018ರಲ್ಲಿ ಸುಮಾರು 68,000 ಜನರ ವಂಶವಾಹಿ ಮಾಹಿತಿ ಇಟ್ಟುಕೊಂಡು ಇದನ್ನೇ ಕೆದಕಿದರು. ಒಂದೊಂದು ವರ್ಷದ ಹೆಚ್ಚುವರಿ ಶಿಕ್ಷಣಕ್ಕೂ ಕಣ್ಣು ಮೈನಸ್ 0.27ರಷ್ಟು ಜಾರುತ್ತದೆ. ತಿರುಗಿಸಿ ನೋಡಿದರೆ, ಮೈನಸ್ ಇರುವವರು ಅದರಿಂದಾಗಿ ಹೆಚ್ಚು ಓದುತ್ತಾರೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಹಾಗಂತ ಶಾಲೆ ಬಿಡಿಸಲಾಗದು. ಇಲ್ಲಿ ಮೂರನೆಯ ವಾದ ಬರುತ್ತದೆ: ಓದಿನಿಂದ ಆಗುವ ಹಾನಿಯ ಒಂದು ದೊಡ್ಡ ಪಾಲು ಬಿಸಿಲು ತಪ್ಪಿಹೋಗುವುದರಿಂದ ಆಗುತ್ತದೆ. ಹೊರಗಿನ ಹಗಲು ಬೆಳಕು ಮನೆಯ ಬೆಳಕಿಗಿಂತ ಹತ್ತಾರು ಪಟ್ಟು ಜಾಸ್ತಿ. ಟ್ಯೂಬ್‌ಲೈಟಿನ ಕೆಳಗೆ 300-500 ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೊರಗೆ ಹಗಲಲ್ಲಿ 10,000 ದಾಟುವುದು ಸಾಮಾನ್ಯ. ಆ ಬೆಳಕಿಗೆ ರೆಟಿನಾ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ, ಅದು ಗುಡ್ಡೆಯ ಬೆಳವಣಿಗೆಗೆ ಬ್ರೇಕ್ ಹಾಕುತ್ತದೆ ಎನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಚೀನಾದ ಗ್ವಾಂಗ್‌ಜೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಹೊರಾಂಗಣ ಪೀರಿಯಡ್ ಸೇರಿಸಿ ನೋಡಿದರು. ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಬಂದವರು ಆ ಶಾಲೆಗಳಲ್ಲಿ ಶೇ. 30, ಮಾಮೂಲಿ ಶಾಲೆಗಳಲ್ಲಿ ಶೇ. 39.5. ತೈವಾನ್ 2010ರಿಂದ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವ ಕಾರ್ಯಕ್ರಮ ನಡೆಸಿತು. ದಶಕಗಳಿಂದ ಏರುತ್ತಲೇ ಇದ್ದ ದೃಷ್ಟಿದೋಷದ ಪ್ರಮಾಣ ಅಲ್ಲಿ 2012ರ ನಂತರ ಇಳಿಯತೊಡಗಿತು.

ಉಲ್ಟಾ ಪ್ರಯೋಗ 2020ರಲ್ಲಿ ತಾನಾಗಿಯೇ ಆಯಿತು. ಚೀನಾದ ಫೈಚೆಂಗ್‌ನಲ್ಲಿ ಪ್ರತಿ ವರ್ಷ ಶಾಲಾಮಕ್ಕಳ ಕಣ್ಣು ನೋಡುತ್ತಿದ್ದರು. ಆರು ವರ್ಷದವರಲ್ಲಿ ಸಮೀಪದೃಷ್ಟಿ ಹಿಂದಿನ ಐದು ವರ್ಷಗಳಲ್ಲಿ ಶೇ. 5.7 ದಾಟಿರಲಿಲ್ಲ. ಕೋವಿಡ್‌ನಲ್ಲಿ ಮನೆಯೊಳಗೆ ಕೂತು ಹೊರಬಂದ ಮಕ್ಕಳಲ್ಲಿ ಅದು ಶೇ. 21.5. ಇವರು ಹನಿ ಹಾಕದೆ ಅಳೆದದ್ದು, ಹಾಗಾಗಿ ಸ್ವಲ್ಪ ಕಳೆಯಬೇಕು. ಹಿಂದಿನ ವರ್ಷಗಳಲ್ಲೂ ಹಾಗೇ ಅಳೆದಿದ್ದರಿಂದ ಜಿಗಿತವನ್ನು ಮಾತ್ರ ಅಲ್ಲಗಳೆಯಲಾಗದು.

ದೆಹಲಿಯ ಸುಳಿವುಗಳು ಈಗ ಜೋಡಿಯಾಗುತ್ತವೆ. ಹನ್ನೊಂದರ ನಂತರ ಪಾಠದ ಹೊರೆ. ಖಾಸಗಿ ಶಾಲೆಯಲ್ಲಿ ಹೋಂವರ್ಕ್ ಜಾಸ್ತಿ, ಎಷ್ಟೋ ಕಡೆ ಮೈದಾನವೇ ಇಲ್ಲ. ನರ್ಸರಿಯಿಂದಲೇ ಅಕ್ಷರ ತಿದ್ದಿಸಿ, ಸಂಜೆ ಟ್ಯೂಷನ್‌ಗೆ ಕಳಿಸಿ, ಪಿಟಿ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟು, ಆಮೇಲೆ ಮೊಬೈಲನ್ನು ಮಾತ್ರ ಬೈದರೆ ಅರ್ಧ ಕಾರಣವನ್ನು ಬಚ್ಚಿಟ್ಟ ಹಾಗೆ.

ಹುಡುಗಿಯರಿಗೆ ಜಾಸ್ತಿ ಯಾಕೆ?

ದೆಹಲಿಯಲ್ಲೂ 2024ರ ಜಾಗತಿಕ ಲೆಕ್ಕದಲ್ಲೂ ಹುಡುಗಿಯರ ಪಾಲು ತುಸು ಮೇಲೆ. ಹೆಣ್ಣಿನ ಕಣ್ಣೇ ಹಾಗಾ? ಅಂಗರಚನೆ ನೋಡಿದರೆ ಹೆಣ್ಣುಮಕ್ಕಳ ಗುಡ್ಡೆ ಸರಾಸರಿ ಅರ್ಧ ಮಿಲಿಮೀಟರ್ ಗಿಡ್ಡ. ಗಿಡ್ಡ ಕಣ್ಣು ಪ್ಲಸ್ ಕಡೆಗೆ ವಾಲಬೇಕು. ಮೈ ನೆರೆಯುವ ಬೆಳವಣಿಗೆ ಹುಡುಗಿಯರಲ್ಲಿ ಮೊದಲು ಬರುತ್ತದೆ, ಆ ಒಂದೆರಡು ವರ್ಷದ ಮುಂಗಡ ಅಂಕಿಯಲ್ಲಿ ಕಾಣಬಹುದು. ಆದರೆ ಜೆರುಸಲೇಮಿನ ಸಂಪ್ರದಾಯಸ್ಥ ಶಾಲೆಗಳಲ್ಲಿ ಹುಡುಗರ ಪ್ರಮಾಣ ಹುಡುಗಿಯರದ್ದಕ್ಕಿಂತ ಎರಡು ಪಟ್ಟು ದಾಟಿತ್ತು. ಸೋಲ್‌ನಲ್ಲಿ 2010ರಲ್ಲಿ ಸೇನಾ ತಪಾಸಣೆಗೆ ಬಂದ 19 ವರ್ಷದ ಹುಡುಗರಲ್ಲಿ ಶೇ. 96.5 ಮಂದಿಗೆ ಮೈನಸ್ ಇತ್ತು. ಅಲ್ಲಿಗೆ ಹುಡುಗ-ಹುಡುಗಿ ಎಂಬ ವ್ಯತ್ಯಾಸಕ್ಕೆ ಜಾಗವೇ ಉಳಿಯಲಿಲ್ಲ.

ಹಾಗಾಗಿ ದೇಹಕ್ಕಿಂತ ದಿನಚರಿಯ ಪಾಲೇ ದೊಡ್ಡದು ಎಂದು ಓದಿಕೊಳ್ಳುವುದು ಸರಿ. ನಮ್ಮ ಮನೆಗಳಲ್ಲಿ ಹತ್ತು-ಹನ್ನೆರಡು ದಾಟಿದ ಹುಡುಗಿ ಸಂಜೆ ಬೀದಿಯಲ್ಲಿ ಆಡುವುದು ನಿಲ್ಲುತ್ತದೆ. ಅಣ್ಣ ಬ್ಯಾಟ್ ಹಿಡಿದು ಹೊರಡುತ್ತಾನೆ, ಅವಳು ಒಳಗೆ ಓದುತ್ತಾಳೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ 'ಬಾಲಕಿಯರೇ ಮೇಲುಗೈ' ಎಂದು ಓದುತ್ತೇವಲ್ಲ, ಅದರ ಇನ್ನೊಂದು ಮುಖ ಕನ್ನಡಕದಂಗಡಿಯಲ್ಲಿ ಕಾಣಬಹುದು.

ಅವರ ಅಜ್ಜಿಯರದ್ದು ಬೇರೆಯೇ ಲೆಕ್ಕ. 2011ರ ಜನಗಣತಿಯಲ್ಲೂ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 68, ಗಂಡಸರದ್ದು ಶೇ. 82. ಶಾಲೆ ಕಾಣದ ತಲೆಮಾರಿಗೆ ಶಾಲೆಯ ಮೈನಸ್ ಬರಲಿಲ್ಲ. ಆ ವಯಸ್ಸಿನ ಹೆಂಗಸರಲ್ಲಿ ಎದ್ದು ಕಾಣುವುದು ಪ್ಲಸ್, ಆಮೇಲೆ ಪೊರೆ. ಹಾಗಾಗಿ 'ಹೆಂಗಸರಲ್ಲಿ ಇಷ್ಟು' ಎಂದು ಒಂದೇ ಅಂಕಿ ಕೊಟ್ಟರೆ ಮೊಮ್ಮಗಳನ್ನೂ ಅಜ್ಜಿಯನ್ನೂ ಕಲಸಿಬಿಟ್ಟ ಹಾಗೆ ಆಗುತ್ತದೆ.

ದೋಷ ಇರುವುದು ಒಂದು, ಕನ್ನಡಕ ಮುಖದ ಮೇಲೆ ಇರುವುದು ಇನ್ನೊಂದು. ಹುಡುಗಿಗೆ ಕನ್ನಡಕ ಬಂತು ಅಂದರೆ ಸಂಬಂಧ ನೋಡುವಾಗ ತೊಂದರೆ ಎಂದು ಫೋಟೋಗೆ ತೆಗೆಸುವುದು, ಮದುವೆಗೆ ಮುಂಚೆ ಲೇಸರ್ ಮಾಡಿಸುವುದು ನಮ್ಮಲ್ಲಿ ಎಲ್ಲರೂ ಕಂಡದ್ದೇ. ಕೊಟ್ಟ ಕನ್ನಡಕಗಳನ್ನು ಎಣಿಸುವ ಯೋಜನೆ, ಹಾಕಿಕೊಂಡ ಕನ್ನಡಕಗಳನ್ನು ಎಣಿಸುವುದು ಅಪರೂಪ.

ಲೆಕ್ಕಕ್ಕೆ ಸಿಗದ ಚಾಳೀಸು

ಹತ್ತು ವರ್ಷದ ಮಗು ಮೂಗಿನಿಂದ ಏಳೆಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಓದಬಲ್ಲದು. ವಯಸ್ಸಾದ ಹಾಗೆ ಆ ಅಂತರ ಹಿಂದೆ ಸರಿಯುತ್ತದೆ. ನಲವತ್ತೈದರ ಹೊತ್ತಿಗೆ ಮಾತ್ರೆ ಪಟ್ಟಿಯ ಹಿಂದಿನ ದಿನಾಂಕ ಓದಲು ಕೈ ಚಾಚಬೇಕು. ಇನ್ನೂ ಕೆಲವು ವರ್ಷಕ್ಕೆ ಕೈ ಸಾಲುವುದಿಲ್ಲ. ಗಂಡು, ಹೆಣ್ಣು, ಓದಿದವರು, ಓದದವರು, ಯಾರಿಗೂ ವಿನಾಯಿತಿ ಇಲ್ಲ. ಹೆಂಗಸರು ಓದುವ ಕನ್ನಡಕವನ್ನು ತುಸು ಮೊದಲೇ ಕೇಳುತ್ತಾರೆ. ಅವರ ಲೆನ್ಸ್ ಬೇಗ ಗಡಸಾಗುತ್ತದೆ ಅಂತಲ್ಲ. ತೋಳು ಗಿಡ್ಡ, ಕೆಲಸವನ್ನು ಕಣ್ಣಿಗೆ ಹತ್ತಿರ ಹಿಡಿಯುತ್ತಾರೆ.

ಧಾರವಾಡದ ಕಸೂತಿ ತೆಗೆದುಕೊಳ್ಳಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುವ ಕೆಲಸ ಅದಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಬರಬೇಕು, ಗಂಟು ಕಾಣಬಾರದು. ಒಂದು ಎಳೆ ತಪ್ಪಿ ಎಣಿಸಿದರೆ ಆ ಸಾಲು ಬಿಚ್ಚಬೇಕು. ಮೂವತ್ತು ವರ್ಷದ ಕೈಚಳಕ ಇರುವ ಹೆಣ್ಣುಮಗಳಿಗೆ ನಲವತ್ತೆಂಟಕ್ಕೆ ಎಳೆ ಕಾಣದೆ ಹೋದರೆ, ಕೈ ಸರಿಯಿದ್ದೂ ಕೂಲಿ ಹೋಗುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಎಳೆಯ ತುದಿ ಹುಡುಕುವವರದ್ದೂ, ಬೀಡಿ ಕಟ್ಟುವವರದ್ದೂ, ಅಕ್ಕಿಯಲ್ಲಿ ಕಲ್ಲು ಆರಿಸುವ ಬಿಸಿಯೂಟದ ಅಡುಗೆಯವರದ್ದೂ ಇದೇ ಪಾಡು.

ಇವರನ್ನು ಗೋಡೆಯ ಮೇಲಿನ ಚಾರ್ಟ್ ಮುಂದೆ ನಿಲ್ಲಿಸಿದರೆ ಏನಾಗುತ್ತದೆ? ಕೊನೆಯ ಸಾಲನ್ನೂ ಸರಾಗವಾಗಿ ಓದುತ್ತಾರೆ. ದೂರದ ದೃಷ್ಟಿ ಚೆನ್ನಾಗಿದೆ. ತಪಾಸಣೆ ಮಾಡಿದವರು 'ನಾರ್ಮಲ್' ಎಂದು ಬರೆದು ಮುಂದೆ ಹೋಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ತಡೆಯಬಹುದಾಗಿದ್ದ ಇಲ್ಲವೇ ಇನ್ನೂ ಸರಿಪಡಿಸದ ದೃಷ್ಟಿದೋಷ ಇರುವವರು ಕನಿಷ್ಠ 100 ಕೋಟಿ ಎಂದಿತು. ಆ ಪಟ್ಟಿಯಲ್ಲಿ 82.6 ಕೋಟಿ ಚಾಳೀಸಿನವರು. ದೂರದ ನೋಟ ಕೆಡಿಸುವ ಉಳಿದ ವಕ್ರೀಭವನ ದೋಷಗಳದ್ದು 12 ಕೋಟಿ ಚಿಲ್ಲರೆ, ಪೊರೆಯದ್ದು 6.5 ಕೋಟಿ.

ಇದರ ಬೆಲೆ ಎಷ್ಟು ಎಂದು ಅಸ್ಸಾಮಿನ ಚಹಾ ತೋಟದಲ್ಲಿ ಅಳೆದರು, ಫಲಿತಾಂಶ 2018ರಲ್ಲಿ ಬಂತು. ನಲವತ್ತು ದಾಟಿದ, ದೂರದ್ದು ಸರಿಯಾಗಿ ಕಾಣುವ 751 ಕಾರ್ಮಿಕರು. ಅರ್ಧ ಜನರಿಗೆ ಹತ್ತಿರದ ಕನ್ನಡಕ ಮೊದಲೇ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ. ಕನ್ನಡಕ ಸಿಕ್ಕವರು ದಿನಕ್ಕೆ ಕೀಳುವ ಎಲೆ 25 ಕೆ.ಜಿ.ಯಿಂದ ಸುಮಾರು 35ಕ್ಕೆ ಏರಿತು. ಸಿಗದವರದ್ದು 26ರಿಂದ 30ರ ಆಸುಪಾಸಿಗೆ. ಕನ್ನಡಕದಿಂದಲೇ ಬಂದ ಲಾಭ ಶೇ. 21.7. ಬಾಂಗ್ಲಾದೇಶದಲ್ಲಿ ಇದೇ ರೀತಿ ಮಾಡಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಿಂಗಳ ಆದಾಯವೇ ಮೂರನೇ ಒಂದರಷ್ಟು ಹೆಚ್ಚಿತ್ತು.

ಅದೇ 2024ರಲ್ಲಿ ನಮ್ಮಲ್ಲಿ ಸದ್ದು ಮಾಡಿದ್ದು ಮಾತ್ರ ಬೇರೆ. ಓದುವ ಕನ್ನಡಕವೇ ಬೇಡ, ಹನಿ ಹಾಕಿಕೊಂಡರೆ ಸಾಕು ಎಂಬ ಸುದ್ದಿ ವಾಟ್ಸಾಪ್‌ ತುಂಬ ಓಡಾಡಿತು. ಅದರಲ್ಲಿದ್ದದ್ದು ಪೈಲೋಕಾರ್ಪಿನ್, ಹೊಸ ಮದ್ದೇನಲ್ಲ. ಕಣ್ಣಿನ ಪಾಪೆಯನ್ನು ಚಿಕ್ಕದು ಮಾಡುತ್ತದೆ. ಸೂಜಿತೂತಿನ ಮೂಲಕ ನೋಡಿದರೆ ಅಕ್ಷರ ಸ್ಪಷ್ಟವಾಗುತ್ತದಲ್ಲ, ಅದೇ ಉಪಾಯ. ಕೆಲವು ಗಂಟೆಗೆ ಮುಗಿಯುತ್ತದೆ, ಮಂದ ಬೆಳಕಿನಲ್ಲಿ ಕತ್ತಲೆ ಎನಿಸುತ್ತದೆ. ಕಂಪನಿಯು ಒಪ್ಪಿಗೆ ಪಡೆದದ್ದಕ್ಕಿಂತ ಹೆಚ್ಚು ಹೇಳಿಕೊಂಡ ಕಾರಣಕ್ಕೆ ಔಷಧ ನಿಯಂತ್ರಕರು ಕೆಲವೇ ದಿನಗಳಲ್ಲಿ ಅನುಮತಿಯನ್ನು ತಡೆಹಿಡಿದರು.

ಅರವತ್ತರ ನಂತರ ಬರುವ ಮೈನಸ್

ಇದು ಚಿಕ್ಕ ವಿಷಯ, ಆದರೆ ಅಂಕಿಗಳನ್ನು ಕೆಡಿಸುತ್ತದೆ. ಕೆಲವು ವಯಸ್ಸಾದವರು 'ನನಗೆ ಕಣ್ಣು ತಿರುಗಿ ಬಂತು, ಈಗ ಕನ್ನಡಕ ಇಲ್ಲದೆ ಪೇಪರ್ ಓದುತ್ತೇನೆ' ಅನ್ನುತ್ತಾರೆ. ಬಂದಿರುವುದು ಪೊರೆ. ಲೆನ್ಸಿನ ನಡುಭಾಗ ಗಟ್ಟಿಯಾಗಿ ಬೆಳಕನ್ನು ಜಾಸ್ತಿ ಬಾಗಿಸುತ್ತದೆ, ಅದರಿಂದ ಮೈನಸ್ ಹುಟ್ಟಿ ಹತ್ತಿರದ್ದು ಕಾಣತೊಡಗುತ್ತದೆ. ಹಳ್ಳಿಯ ಸಮೀಕ್ಷೆಯಲ್ಲಿ ಎಪ್ಪತ್ತರವರಲ್ಲಿ ಮೈನಸ್ ದಂಡಿಯಾಗಿ ಕಂಡರೆ ಅದು ಓದಿನದ್ದಲ್ಲ, ಆಪರೇಷನ್ ಆಗದ ಪೊರೆಯದ್ದು. ಇವರಿಗೆ ಕನ್ನಡಕ ಬದಲಿಸುತ್ತ ಹೋಗುವುದು ದುಡ್ಡು ದಂಡ.

ಯಾರಿಗೆ ಮೊದಲು?

ಸರ್ಕಾರಗಳ ಮುಂದೆ ಇರುವ ಜಗಳ ಇದು. ಒಂದು ಪಕ್ಷ ಮಕ್ಕಳೇ ಮೊದಲು ಅನ್ನುತ್ತದೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2024ರಲ್ಲಿ ಸಮೀಪದೃಷ್ಟಿಯನ್ನು ರೋಗ ಎಂದೇ ವರ್ಗೀಕರಿಸಬೇಕು ಎಂದಿತು. ಹಾಗೆ ಕರೆದರೆ ವಿಮೆ, ಸಂಶೋಧನೆಯ ಹಣ ಹರಿಯುತ್ತದೆ. ಜೊತೆಗೆ ಮೈನಸ್ ಏರುವುದನ್ನು ನಿಧಾನ ಮಾಡಲು ಕೊಡುವ ದುಬಾರಿ ಲೆನ್ಸ್, ಅಟ್ರೋಪಿನ್ ಹನಿಗಳ ಮಾರುಕಟ್ಟೆಯೂ ಬೆಳೆಯುತ್ತದೆ. ಅಟ್ರೋಪಿನ್ ಶೇ. 0.05 ಪ್ರಮಾಣದಲ್ಲಿ ಹಾಂಗ್‌ಕಾಂಗಿನಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಶೇ. 0.01 ಪ್ರಮಾಣದ್ದು 2023ರ ಅಮೆರಿಕದ ಒಂದು ಪ್ರಯೋಗದಲ್ಲಿ ಏನೂ ಲಾಭ ತೋರಲಿಲ್ಲ. ಖರ್ಚಿಲ್ಲದ ಬಿಸಿಲನ್ನು ಮಾರಲು ಮಾತ್ರ ಯಾವ ಕಂಪನಿಯೂ ಬರುವುದಿಲ್ಲ.

ಇನ್ನೊಂದು ಪಕ್ಷದ್ದು ಸರಳ ವಾದ: ಇಂದೇ ಕೆಲಸ ಕಳೆದುಕೊಳ್ಳುತ್ತಿರುವವರಿಗೆ ಇಂದೇ ಕನ್ನಡಕ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೂರದ್ದಕ್ಕೆ ಕನ್ನಡಕ ಬೇಕಾದವರಲ್ಲೇ ಸರಿಯಾದದ್ದು ಸಿಕ್ಕಿರುವುದು ಶೇ. 36 ಮಂದಿಗೆ. ಚಾಳೀಸಿಗೆ ಪ್ಲಸ್ 1ರಿಂದ 3ರ ತನಕ ರೆಡಿಮೇಡ್ ಕನ್ನಡಕ ಸಾಕು, ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇಡಬಹುದು. ಬಾಂಗ್ಲಾದೇಶದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಹೀಗೆ ಮಾಡುತ್ತಲೇ ಇದ್ದಾರೆ. ಕಣ್ಣಿನ ವೈದ್ಯರ ಆಕ್ಷೇಪವೂ ತಳ್ಳಿಹಾಕುವಂಥದ್ದಲ್ಲ. ಗ್ಲಾಕೋಮಾ ನೋವಿಲ್ಲದೆ ಬರುತ್ತದೆ. ಎಷ್ಟೋ ಜನರಲ್ಲಿ ಅದು ಸಿಕ್ಕಿಬೀಳುವುದು ಚಾಳೀಸಿಗೆಂದು ಕಣ್ಣು ತೋರಿಸಲು ಹೋದಾಗಲೇ. ಸಂತೆಯಲ್ಲಿ ಕನ್ನಡಕ ಸಿಕ್ಕರೆ ಆ ಭೇಟಿಯೂ ತಪ್ಪುತ್ತದೆ.

ಕರ್ನಾಟಕದ ಆಶಾಕಿರಣ ಯೋಜನೆ ಈ ಎರಡರ ನಡುವಿನ ದಾರಿ ಹಿಡಿಯಿತು. ಕಲಬುರಗಿ, ಚಿಕ್ಕಬಳ್ಳಾಪುರ, ಹಾವೇರಿ, ಚಾಮರಾಜನಗರಗಳಲ್ಲಿ ಶುರುವಾದಾಗ ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ಮೊದಲ ತಪಾಸಣೆ ಮಾಡುವುದು, ನೇತ್ರಾಧಿಕಾರಿಗಳು ಎರಡನೆಯದು, ಆಮೇಲೆ ಉಚಿತ ಕನ್ನಡಕ ಎಂದಾಯಿತು. ಶಾಲೆಯ ತಪಾಸಣೆ ಮುಟ್ಟದ ವಯಸ್ಸಿನವರನ್ನು ಮನೆ ಬಾಗಿಲಲ್ಲೇ ಹಿಡಿಯುವ ವ್ಯವಸ್ಥೆ ಇದು. ಮನೆಯಲ್ಲೇ ಇರುವ ಹೆಂಗಸರಿಗೆ ಇದರಿಂದ ಹೆಚ್ಚು ಲಾಭ ಆಗಬೇಕು. ಆಗಿದೆಯಾ ಎಂದು ತಿಳಿಯಲು ವಯಸ್ಸು, ಲಿಂಗ, ಹತ್ತಿರದ್ದೋ ದೂರದ್ದೋ ಎಂಬ ಮೂರು ಕಲಮುಗಳನ್ನು ಬೇರೆ ಬೇರೆ ಪ್ರಕಟಿಸಿದರೆ ಸಾಕು. ಇಷ್ಟು ಲಕ್ಷ ಕನ್ನಡಕ ವಿತರಣೆ ಎಂಬ ಒಟ್ಟು ಮೊತ್ತದಿಂದ ಅದು ತಿಳಿಯುವುದಿಲ್ಲ. ಕೊಳ್ಳುವವರಿಗಂತೂ 2025ರ ಸೆಪ್ಟೆಂಬರ್ 22ರಿಂದ ಕನ್ನಡಕದ ಜಿಎಸ್‌ಟಿ ಶೇ. 5ಕ್ಕೆ ಇಳಿದದ್ದು ಸಣ್ಣ ಅನುಕೂಲ.

ರೆಡಿಮೇಡ್ ದಾರಿಯ ಬಗ್ಗೆ ಒಂದು ಮಾತು ಈ ಚರ್ಚೆಯಲ್ಲಿ ಹೆಚ್ಚು ಕೇಳಿಬರುತ್ತಿಲ್ಲ. ಅದು ಅಗ್ಗವಾಗಿರುವುದು ಇಂದಿನ ನಲವತ್ತು-ಅರವತ್ತರವರಲ್ಲಿ ಹೆಚ್ಚಿನವರಿಗೆ ದೂರದ ದೋಷ ಇಲ್ಲದ್ದರಿಂದ. ಎರಡು ಕಣ್ಣಿಗೂ ಒಂದೇ ಪ್ಲಸ್ ಕೊಟ್ಟರೆ ಕೆಲಸ ಆಗುತ್ತದೆ. ಮೈನಸ್ 4 ಇರುವವರಿಗೆ ಚಾಳೀಸು ಬಂದಾಗ ಆ ಕನ್ನಡಕ ನಡೆಯುವುದಿಲ್ಲ. ಅವರಿಗೆ ಸಿಲಿಂಡರ್ ಸಹಿತ ಅಳೆದ, ದೂರಕ್ಕೂ ಹತ್ತಿರಕ್ಕೂ ಆಗುವ ಬೈಫೋಕಲ್ಲೋ ಪ್ರೋಗ್ರೆಸಿವ್ವೋ ಬೇಕು, ಅಳೆಯಲು ತರಬೇತಿ ಪಡೆದ ಆಪ್ಟೊಮೆಟ್ರಿಸ್ಟ್ ಬೇಕು. ಲಾಕ್‌ಡೌನ್ ವರ್ಷ ಒಂದನೇ ಕ್ಲಾಸಿನಲ್ಲಿದ್ದ ಮಕ್ಕಳು ನಲವತ್ತು ಮುಟ್ಟುವುದು 2054ರ ಹೊತ್ತಿಗೆ. ಆ ದಿನ ಆಶಾ ಕಾರ್ಯಕರ್ತೆ ಚೀಲದಿಂದ ತೆಗೆದು ಕೊಡುವ ಪ್ಲಸ್ 2 ಅವರಲ್ಲಿ ಎಷ್ಟು ಜನರಿಗೆ ಆಗಿಬರುತ್ತದೆ ಎನ್ನುವುದು, ಈಗ ಅವರನ್ನು ಸಂಜೆ ಎಷ್ಟು ಹೊತ್ತು ಹೊರಗೆ ಬಿಡುತ್ತೇವೆ ಎನ್ನುವುದರ ಮೇಲಿದೆ.